ಕೋಡ್ ಬರೆಯುವ ಮುಂಚೆ ಲೆಕ್ಕ ಬರೆಯಿರಿ

ಒಬ್ಬರೇ ಗೇಮ್ ಮಾಡಿ ಅದರಲ್ಲೇ ಹೊಟ್ಟೆ ಹೊರೆಯಬೇಕು ಅಂದುಕೊಂಡಿದ್ದೀರಾ? ಹಾಗಾದರೆ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ತಿಂಗಳಿಗೆ ನಿಮ್ಮ ಖರ್ಚೆಷ್ಟು, ಗೇಮ್ ಮುಗಿಯಲು ಎಷ್ಟು ತಿಂಗಳು ಬೇಕು, ಎರಡನ್ನೂ ಗುಣಿಸಿ. ಅದೇ ನಿಮ್ಮ ಬಂಡವಾಳ. ಎಷ್ಟು ತಿಂಗಳು ಅನ್ನುವ ಅಂದಾಜನ್ನು ಎರಡು ಪಟ್ಟು ಮಾಡಿಕೊಂಡರೆ ಒಳ್ಳೆಯದು, ನನ್ನ ಅಂದಾಜಂತೂ ಒಮ್ಮೆಯೂ ಸರಿ ಬಂದಿಲ್ಲ.

ಈಗ ಆದಾಯದ ಕಡೆ ಬನ್ನಿ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಂದು ಗೇಮ್ ಹಾಕಲು 100 ಡಾಲರ್ ಕಟ್ಟಬೇಕು, 1,000 ಡಾಲರ್ ವ್ಯಾಪಾರವಾದ ಮೇಲೆ ಅದು ವಾಪಸ್ ಬರುತ್ತದೆ. 10 ಡಾಲರ್ ಬೆಲೆ ಇಟ್ಟರೂ ಎಷ್ಟೋ ಜನ ಡಿಸ್ಕೌಂಟ್‌ಗೆ ಕಾಯುತ್ತಾರೆ. ಅರ್ಧ ಬೆಲೆಗೆ ಹೋಯಿತು ಅನ್ನಿ, 5 ಡಾಲರ್. ಸ್ಟೀಮ್ ಅದರಲ್ಲಿ 30% ಹಿಡಿದುಕೊಂಡರೆ ಉಳಿಯುವುದು ಮೂರೂವರೆ, ಅದರಲ್ಲಿ ತೆರಿಗೆ, ರೀಫಂಡ್ ಇನ್ನೂ ಕಳೆದಿಲ್ಲ. ಅದೂ ಹೋಗಿ ಕೈಗೆ 3 ಡಾಲರ್ ಅಂದುಕೊಳ್ಳಿ, ಬಂಡವಾಳವನ್ನು ಡಾಲರ್ ಲೆಕ್ಕಕ್ಕೆ ತಂದು 3ರಿಂದ ಭಾಗಿಸಿ. ಅಷ್ಟು ಕಾಪಿ ಹೋದರೆ ಮಾತ್ರ ಹಾಕಿದ್ದು ವಾಪಸ್. ಆ ಸಂಖ್ಯೆ ನೋಡಿ ಎದೆ ಧಸಕ್ ಅಂದರೆ ಗೇಮ್ ಚಿಕ್ಕದು ಮಾಡಿ. ಇಪ್ಪತ್ತು ಲೆವೆಲ್ ಯಾಕೆ, ಆರು ಸಾಕಲ್ವಾ?

ಕೈಯಲ್ಲಿರುವ ಕೆಲಸವನ್ನು ಸುಮ್ನೆ ಬಿಡಬೇಡಿ. 'ಸ್ಟಾರ್‌ಡ್ಯೂ ವ್ಯಾಲಿ' ಗೇಮ್ ಮಾಡಿದ ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಜಾಸ್ತಿ ಒಬ್ಬರೇ ದುಡಿದರು. ಆ ದಿನಗಳಲ್ಲಿ ಅವರು ಥಿಯೇಟರ್ ಒಂದರಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೂ ಹೋಗುತ್ತಿದ್ದರು.

ಸ್ಟೀಮ್‌ನಲ್ಲಿ ನಿಮ್ಮ ಗೇಮ್‌ನ ಸ್ಟೋರ್ ಪೇಜ್ ಬೇಗ ತೆರೆಯಿರಿ. ತೋರಿಸಲು ಐದು ಒಳ್ಳೆಯ ಸ್ಕ್ರೀನ್‌ಶಾಟ್, ಒಂದು ಟ್ರೇಲರ್ ಸಿದ್ಧವಾದರೆ ಸಾಕು. ವಿಶ್‌ಲಿಸ್ಟ್ ಮಾಡಿದವರಿಗೆ, ಅಂದರೆ ಆಮೇಲೆ ಕೊಳ್ಳೋಣ ಅಂತ ಗೇಮ್ ಗುರುತು ಹಾಕಿಕೊಂಡವರಿಗೆ, ಬಿಡುಗಡೆಯ ದಿನ ಸ್ಟೀಮೇ ಮೇಲ್ ಕಳಿಸುತ್ತದೆ, ಆದ್ದರಿಂದ ಆ ಪಟ್ಟಿ ಬೆಳೆಯಲು ತಿಂಗಳುಗಟ್ಟಲೆ ಸಮಯ ಕೊಡಿ. ಬರಲಿರುವ ಗೇಮ್‌ಗಳ ಡೆಮೊ ತೋರಿಸುವ ಸ್ಟೀಮ್‌ನ ಹಬ್ಬ ನೆಕ್ಸ್ಟ್ ಫೆಸ್ಟ್‌ಗೆ ಒಂದು ಗೇಮ್ ಒಂದೇ ಸಲ ಹೋಗಬಹುದು, ಅರೆಬೆಂದ ಡೆಮೊ ಹಿಡಿದು ಓಡಬೇಡಿ.

ಎಲ್ಲಕ್ಕಿಂತ ಜಾಸ್ತಿ ಬೆವರು ಸುರಿಸಬೇಕಾದ್ದು ಆಟದ ಶುರುವಿನಲ್ಲಿ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಯಾರು ಬೇಕಾದರೂ ಹಣ ವಾಪಸ್ ಕೇಳಬಹುದು. ಗೊತ್ತಿಲ್ಲದವರನ್ನು ಕೂರಿಸಿ ಆಡಿಸಿ, ನೀವು ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನೋಡಿ. ನನ್ನ ಮೊದಲ ಗೇಮ್ ಆಡಿದ ಗೆಳತಿ ಎರಡನೇ ಕೋಣೆಯ ಬಾಗಿಲ ಮುಂದೆ ಸ್ಪೇಸ್ ಕೀ ಒತ್ತುತ್ತಲೇ ಇದ್ದಳು. ನಾನು ಇಟ್ಟಿದ್ದು ಬೇರೆ ಕೀ. ಹೇಳಿಬಿಡೋಣ ಅಂತ ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡೆ. ಮೂರು ನಿಮಿಷ ಒದ್ದಾಡಿ ಗೇಮ್ ಮುಚ್ಚಿದಳು. ಅವತ್ತು ರಾತ್ರಿಯೇ ಆ ಬಾಗಿಲು ಎರಡೂ ಕೀಗೆ ತೆರೆಯುವ ಹಾಗೆ ಮಾಡಿದೆ.