ಹಳೇ ಕಾರು ಇಟ್ಟುಕೊಳ್ಳೋದಾ, ಬಿಡೋದಾ? ತಳ ನೋಡಿ ತೀರ್ಮಾನ ಮಾಡಿ

ನಮ್ಮ ದಾವಣಗೆರೆಯಲ್ಲಿ ಹಳೇ ಕಾರು ಮಾರುವ ತೀರ್ಮಾನ ಹೆಚ್ಚಾಗಿ ಆಗುವುದು ಗ್ಯಾರೇಜಿನಲ್ಲಿ, ಬಿಲ್ ಕೈಗೆ ಬಂದ ಹೊತ್ತಿನಲ್ಲಿ. ಕೆಲವರು ಸಿಟ್ಟಿನಲ್ಲಿ ಬಂದ ರೇಟಿಗೆ ಕೊಟ್ಟುಬಿಡುತ್ತಾರೆ. ಇನ್ನು ಕೆಲವರು ‘ಈಗಷ್ಟೇ 40 ಸಾವಿರ ಹಾಕಿದೀನಿ, ಹೆಂಗ್ ಬಿಡ್ಲಿ?’ ಅಂತ ಮತ್ತೆ ಮತ್ತೆ ಹಾಕುತ್ತಾರೆ. ಗಟ್ಟಿಮುಟ್ಟಾದ ಕಾರನ್ನು ಕ್ಲಚ್ ಪ್ಲೇಟಿನ ಖರ್ಚಿಗೆ ಹೆದರಿ ಮಾರಿದವರನ್ನು ನೋಡಿದ್ದೇನೆ. ತಳ ತುಕ್ಕು ಹಿಡಿದು ತೂತು ಬಿದ್ದ ಕಾರಿಗೆ ಹೊಸ ಸೀಟ್ ಕವರ್, ಮ್ಯೂಸಿಕ್ ಸಿಸ್ಟಂ ಹಾಕಿಸಿದವರನ್ನೂ ನೋಡಿದ್ದೇನೆ. ಕಾರು ಸರಿಯಾಗಿ ಓಡುತ್ತಿರುವಾಗಲೇ, ವರ್ಷಕ್ಕೊಂದು ಸಲ ಸಮಾಧಾನವಾಗಿ ನೋಡಬೇಕಾದ ಲೆಕ್ಕ ಇದು.

ಮೊದಲು ಒಂದು ಭಯ ಬಿಡಿ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಕಾರಿಗೆ ತಡೆ ಅನ್ನುವುದು ದೆಹಲಿ ಸುತ್ತಲಿನ ಮಾತು. ಕರ್ನಾಟಕದಲ್ಲಿ ಆ ನಿಯಮ ಇಲ್ಲ. ಹಳೇ ಕಾರು ಕೊಳ್ಳುವ ದಲ್ಲಾಳಿಗಳು ಇದನ್ನೇ ಹೇಳಿ ರೇಟು ಇಳಿಸುತ್ತಾರೆ. ನಂಬಬೇಡಿ.

1. ಆರ್‌ಸಿ ತೆಗೆದು ದಿನಾಂಕ ನೋಡಿ

ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಚಿತ್ರದುರ್ಗದ ಕೆಎ 16 ಆದರೂ ಅಷ್ಟೇ, ನಮ್ಮ ಕೆಎ 17 ಆದರೂ ಅಷ್ಟೇ. ಕೇಂದ್ರದ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ. ಗಾಡಿಗೆ 20 ವರ್ಷ ದಾಟಿದ್ದರೆ, 2025ರ ಆಗಸ್ಟ್‌ನ ತಿದ್ದುಪಡಿ ಪ್ರಕಾರ 10,000. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಇದೆ. ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು. ತಡ ಮಾಡಿದರೆ ತಿಂಗಳಿಗೆ 500 ರೂಪಾಯಿ ಜಾಸ್ತಿ ಬೀಳುತ್ತದೆ. ತೀರ್ಮಾನ ಮಾಡಲು ಒಳ್ಳೆಯ ಸಮಯ ಈ ನವೀಕರಣಕ್ಕೆ ಆರು ತಿಂಗಳು ಮೊದಲು. ನವೀಕರಣ ಮಾಡಿಸಿ ಮರುತಿಂಗಳು ಮಾರಲು ಹೊರಡುವುದು ಸುಮ್ನೆ ದಂಡ.

2. ಕಾರಿನ ತಳ ನೋಡಿ

ಜನ ತಪ್ಪುವುದು ಇಲ್ಲೇ. ಎಲ್ಲರೂ ಬಾನೆಟ್ ಎತ್ತಿ ಇಂಜಿನ್ ಶಬ್ದ ಕೇಳುತ್ತಾರೆ. ಇಂಜಿನ್ ಕೆಟ್ಟರೆ ಬಿಚ್ಚಿ ಸರಿ ಮಾಡಬಹುದು, ಬೇರೆಯದನ್ನೇ ಕೂರಿಸಬಹುದು. ಕಾರಿನ ಹೊರೆ ಹೊರುವ ತಗಡು ಕೊಳೆತರೆ ಮಾಡುವುದು ಹೆಚ್ಚೇನೂ ಇಲ್ಲ. ಇವತ್ತಿನ ಸಣ್ಣ ಕಾರುಗಳಿಗೆ ಲಾರಿ ಥರ ಬೇರೆ ಚಾಸಿಸ್ ಇರುವುದಿಲ್ಲ. ಬಾಡಿಯೇ ಚಾಸಿಸ್. ಅದಕ್ಕೇ ತಳದ ತುಕ್ಕು ಕಾರಿನ ಆಯಸ್ಸು ಹೇಳುತ್ತದೆ.

ಮೊದಲು ವಾಟರ್ ಸರ್ವಿಸ್ ಮಾಡಿಸಿ, ತಳದ ಮಣ್ಣೆಲ್ಲ ಹೋಗಲಿ. ಒಣಗಿದ ಮೇಲೆ ಗ್ಯಾರೇಜಿನ ಲಿಫ್ಟ್ ಮೇಲೆ ಏರಿಸಿ. ಬರೀ ಜಾಕ್ ಕೊಟ್ಟು ಅಡಿಗೆ ನುಸುಳಲೇಬೇಡಿ. ಜಾಕ್ ಜಾರಿದರೆ ಜೀವಕ್ಕೇ ಅಪಾಯ.

ಕೈಯಲ್ಲಿ ಟಾರ್ಚ್, ಒಂದು ಸ್ಕ್ರೂಡ್ರೈವರ್ ಇರಲಿ. ಅದರ ಹಿಡಿಯಿಂದ ತಗಡನ್ನು ತಟ್ಟಿ ನೋಡಿ. ಟಣ್ ಅಂದರೆ ಗಟ್ಟಿ. ದಬ್ ಅಂದರೆ, ಒಳಗಿಂದ ಪುಡಿ ಉದುರಿದ ಸದ್ದು ಬಂದರೆ, ಅಲ್ಲಿ ತುದಿಯಿಂದ ಒತ್ತಿ. ಕಂದು ಬಣ್ಣ ಕಂಡ ಕೂಡಲೇ ಗಾಬರಿ ಬೇಡ. ಉಜ್ಜಿದರೆ ಹೋಗಿ ಕೆಳಗೆ ಗಟ್ಟಿ ತಗಡು ಸಿಕ್ಕರೆ ಅದು ಮೇಲ್ತುಕ್ಕು, ಪ್ರೈಮರ್ ಹೊಡೆಸಿದರೆ ಸಾಕು. ಪದರ ಪದರವಾಗಿ ಎದ್ದು ಬಂದರೆ ಅಥವಾ ಸ್ಕ್ರೂಡ್ರೈವರ್ ಒಳಗೆ ಇಳಿದರೆ ಲೆಕ್ಕ ಬೇರೆ.

ಬಾಗಿಲಿನ ಕೆಳ ಅಂಚು, ಬಾನೆಟ್ ತುದಿ, ಡಿಕ್ಕಿ ಬಾಗಿಲು, ಇವು ಕಣ್ಣಿಗೆ ಕೆಟ್ಟದಾಗಿ ಕಂಡರೂ ಟಿಂಕರಿಂಗ್‌ನಲ್ಲಿ ಮುಗಿಯುವಂಥವು. ಗಮನ ಕೊಡಬೇಕಾದ್ದು ಬೇರೆ ಕಡೆ. ಮುಂದಿನ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕಾರಿನ ತಗಡಿಗೆ ಬೋಲ್ಟ್ ಆಗುವ ಜಾಗ. ಅದು ಬಾನೆಟ್ ಎತ್ತಿದರೆ ಮೇಲಿಂದಲೇ ಕಾಣುತ್ತದೆ. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗ, ಅದರಲ್ಲೂ ಜಾಕ್ ಕೊಡುವ ಜಾಗ. ಹಿಂದಿನ ಆಕ್ಸಲ್ ಬಂದು ಸೇರುವ ಜಾಗ. ಸೀಟ್ ಬೆಲ್ಟಿನ ಬೋಲ್ಟ್ ಕೂತಿರುವ ತಗಡು. ಕೊನೆಗೆ ಡ್ರೈವರ್ ಕಾಲಡಿಯ ಮ್ಯಾಟ್ ತೆಗೆದು, ಕಾರ್ಪೆಟ್ಟನ್ನೂ ಎತ್ತಿ ನೋಡಿ. ಬ್ರೇಕ್ ಪೈಪು ತುಕ್ಕು ಹಿಡಿದಿದ್ದರೆ ಅದನ್ನು ಬದಲಿಸಬಹುದು, ಆದರೆ ಅದೇ ದಿನ ಬದಲಿಸಿ. ಮೇಲೆ ಹೇಳಿದ ಬೇರೆ ಜಾಗಗಳಲ್ಲಿ ಎರಡು ಕಡೆ ತಗಡು ಮೆತ್ತಗಾಗಿದ್ದರೂ ಆ ಕಾರಿಗೆ ಇನ್ನು ಒಂದು ರೂಪಾಯಿ ಹಾಕಬೇಡಿ.

ಕಪ್ಪು ಅಂಡರ್‌ಬಾಡಿ ಕೋಟಿಂಗ್ ಬಗ್ಗೆ ಹೇಳಲೇಬೇಕು. ಹೊಸ ಕಾರಿಗೆ, ಸ್ವಚ್ಛ ತಗಡಿಗೆ ಅದು ಒಳ್ಳೆಯದು. ತುಕ್ಕಿನ ಮೇಲೆ ಬಳಿದರೆ ತೇವ ಒಳಗೇ ಉಳಿದು ಇನ್ನೂ ಬೇಗ ತಿನ್ನುತ್ತದೆ. ತೂತಿಗೆ ಪುಟ್ಟಿ ತುಂಬಿ, ಮೇಲೆ ಕಪ್ಪು ಬಳಿದು ‘ತಳ ಹೊಸದಾಯ್ತು’ ಅನ್ನುವ ಕೆಲಸಕ್ಕೆ ದುಡ್ಡು ಕೊಡಬೇಡಿ. ಪುಟ್ಟಿಗೆ ಭಾರ ಹೊರುವ ಶಕ್ತಿ ಇಲ್ಲ. ಗುದ್ದಿದಾಗ ಮೊದಲು ಒಡೆಯುವುದು ಅದೇ.

ನಮ್ಮ ಕಡೆ ಹವೆ ಒಣ. ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ಓಡಿದ ಕಾರುಗಳ ತಳ ಸಾಮಾನ್ಯವಾಗಿ ಬಹಳ ವರ್ಷ ಚೆನ್ನಾಗಿರುತ್ತದೆ. ಅಲ್ಲಿ ಬಿಸಿಲಿಗೆ ಕೆಡುವುದು ರಬ್ಬರ್: ಬುಷ್, ಹೋಸ್ ಪೈಪ್, ವೈಪರ್, ಟೈರು. ಭದ್ರಾ ನಾಲೆಯ ಗದ್ದೆ ಬಯಲಿನಲ್ಲಿ ಓಡುವ ಕಾರಿನ ಚಕ್ರದ ಗೂಡಿನಲ್ಲಿ ಕೆಸರು ಮೆತ್ತಿ ಕೂರುತ್ತದೆ, ಅಲ್ಲಿ ಜಾಸ್ತಿ ಹುಡುಕಿ. ಉಪ್ಪು ಗಾಳಿಯ ಮಂಗಳೂರು, ಉಡುಪಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದ ಕಾರಾದರೆ ಈ ಪರೀಕ್ಷೆಯನ್ನು ಎರಡು ಸಲ ಮಾಡಿ.

3. ಇಂಜಿನ್

ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲು) ಮೇಲೆ ಅನುಮಾನ ಪಡಿ. ಆಮೇಲೆ ಗ್ಯಾರೇಜಿನಲ್ಲಿ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡದ ಅಳತೆ) ಮಾಡಿಸಿ. ಬರೀ ಕಿವಿಯಿಂದ ಕೇಳಿ ‘ಬೋರ್ ಮಾಡಿಸ್ಬೇಕು ಸಾರ್’ (ಸವೆದ ಸಿಲಿಂಡರ್ ಕೊರೆಸಬೇಕು) ಅನ್ನುವವರ ಮಾತಿಗೆ ಇಂಜಿನ್ ಬಿಚ್ಚಿಸಬೇಡಿ. ರೇಡಿಯೇಟರ್ ಸೋರಿಕೆ ನಿಲ್ಲಿಸುವ ಪುಡಿ, ಹೊಗೆ ನಿಲ್ಲಿಸುವ ಡಬ್ಬಿ, ಇವನ್ನು ಮುಟ್ಟಬೇಡಿ. ಪುಡಿ ಸೋರುವ ಜಾಗದ ಜೊತೆಗೆ ಹೀಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ಪೆಟ್ರೋಲ್ ಕಾರಾದರೆ ಇಂಧನದ ರಬ್ಬರ್ ಪೈಪ್‌ಗಳನ್ನು ಬಗ್ಗಿಸಿ ನೋಡಿ. ಈಗ ಬರುವ ಪೆಟ್ರೋಲ್‌ನಲ್ಲಿ ಶೇ 20 ಎಥೆನಾಲ್ ಇದೆ, ಹಳೇ ಕಾರಿನ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ.

4. ಬಿಲ್‌ಗಳನ್ನು ಬೇರ್ಪಡಿಸಿ

ಎರಡು ವರ್ಷದ ಬಿಲ್ ಹರಡಿಕೊಳ್ಳಿ. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ಕ್ಲಚ್, ಶಾಕ್ ಅಬ್ಸಾರ್ಬರ್ ಒಂದು ಕಡೆ. ಇವು ಯಾವ ಕಾರಿಗಾದರೂ ಸವೆಯುತ್ತವೆ, ಒಮ್ಮೆ ಹಾಕಿದರೆ ವರ್ಷಗಟ್ಟಲೆ ಬರುತ್ತವೆ. ಒಂದೇ ಕೆಲಸ ಮತ್ತೆ ಮತ್ತೆ ಬಂದಿದ್ದರೆ ಅದು ಇನ್ನೊಂದು ಕಡೆ. ಗ್ಯಾಸ್ಕೆಟ್ ಬದಲಿಸಿದರೂ ಮತ್ತೆ ಬಿಸಿಯಾಗುತ್ತಿದೆ, ವೈರಿಂಗ್ ಮಾಡಿಸಿದರೂ ಬ್ಯಾಟರಿ ಇಳಿಯುತ್ತಿದೆ ಅಂದರೆ ಮೂಲ ಸಿಕ್ಕಿಲ್ಲ ಎಂದರ್ಥ. ಈ ಎರಡನೇ ರಾಶಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆಯಾ ನೋಡಿ.

ಆಮೇಲೆ ಹೋಲಿಸಿ. ರಿಪೇರಿ ಖರ್ಚನ್ನು ಕಾರಿನ ಮಾರಾಟ ಬೆಲೆಗೆ ಹೋಲಿಸುವುದು ದೊಡ್ಡ ತಪ್ಪು. ‘ಕಾರಿಗೇ ಒಂದು ಲಕ್ಷ ಬರಲ್ಲ, ರಿಪೇರಿಗೆ 45 ಸಾವಿರಾನಾ?’ ಅನ್ನುತ್ತಾರೆ. ಅದರ ಬದಲು ಬರುವ ಕಾರಿನ ಖರ್ಚಿಗೆ ಹೋಲಿಸಬೇಕು. ಉದಾಹರಣೆಗೆ 5 ಲಕ್ಷ ಸಾಲ, ಶೇ 9 ಬಡ್ಡಿ, 5 ವರ್ಷ ಅಂದರೆ ತಿಂಗಳ ಕಂತು ಸುಮಾರು 10,400. ವರ್ಷಕ್ಕೆ ಒಂದೂಕಾಲು ಲಕ್ಷ. ಹೊಸ ಕಾರಿಗೆ ಮತ್ತೆ ಜೀವಾವಧಿ ತೆರಿಗೆಯೂ ಕಟ್ಟಬೇಕು. ತಳ ಗಟ್ಟಿ ಇದ್ದರೆ 45 ಸಾವಿರ ಹಾಕಿ ಓಡಿಸುವುದೇ ಲಾಭ. ನನ್ನ ಲೆಕ್ಕ ಇಷ್ಟು: ವರ್ಷದ ರಿಪೇರಿ ಆರು ತಿಂಗಳ ಕಂತನ್ನು ದಾಟಿ, ಸತತ ಎರಡು ವರ್ಷ ಹಾಗೇ ಇದ್ದರೆ ಬಿಡಿ. ಹಿಂದೆ ಹಾಕಿದ ದುಡ್ಡನ್ನು ಈ ಲೆಕ್ಕಕ್ಕೆ ತರಲೇಬೇಡಿ. ಇಟ್ಟುಕೊಂಡರೂ ಮಾರಿದರೂ ಅದು ವಾಪಸ್ ಬರುವುದಿಲ್ಲ.

5. ಎಲ್ಲಿ ಓಡಿಸುತ್ತೀರಿ?

ಮಾರುಕಟ್ಟೆ, ಶಾಲೆ, ಹರಿಹರದವರೆಗಿನ ಓಡಾಟಕ್ಕೆ ಹಳೇ ಕಾರು ಚೆನ್ನಾಗಿಯೇ ಇದೆ. ವಾರಕ್ಕೊಮ್ಮೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ನಡುವೆ ಬೆಂಗಳೂರಿಗೆ ಹೋಗುವವರಾದರೆ, ಕಾರಿಗೆ ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ಇಲ್ಲದಿದ್ದರೆ, ಲೆಕ್ಕವೇ ಬೇಡ, ಬದಲಿಸಿ. ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದ್ದು 2019ರಲ್ಲಿ. ಅದಕ್ಕೆ ಮೊದಲಿನ ಎಷ್ಟೋ ಕಾರುಗಳ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಎರಡೂ ಇರಲಿಲ್ಲ.

6. ಬಿಡುವುದಾದರೆ

ತಳ ಗಟ್ಟಿ ಇದ್ದರೆ ಮಾರಿ. ಮಾಲೀಕರ ಹೆಸರು ಬದಲಿಸುವ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ಮನಾಗಬೇಡಿ. ಹೆಸರು ಬದಲಾಗಿದ್ದನ್ನು ಪರಿವಾಹನ್ ಜಾಲತಾಣದಲ್ಲಿ ನೀವೇ ನೋಡಿ. ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ತಳ ಹೋಗಿದ್ದರೆ ಯಾರಿಗೂ ಮಾರಬೇಡಿ. ಅದರಲ್ಲಿ ಇನ್ನೊಬ್ಬರ ಮಕ್ಕಳು ಕೂರುತ್ತಾರೆ. ಗುಜರಿ ಅಂಗಡಿಗೆ ಕಾಗದ ಇಲ್ಲದೆ ತಳ್ಳುವುದೂ ಬೇಡ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಡೆಪಾಸಿಟ್ ಸರ್ಟಿಫಿಕೇಟ್ (ಗಾಡಿಯನ್ನು ಗುಜರಿಗೆ ಒಪ್ಪಿಸಿದ ಪತ್ರ) ತೆಗೆದುಕೊಳ್ಳಿ. ಮುಂದೆ ಹೊಸ ಕಾರು ಕೊಳ್ಳುವಾಗ ಕೇಂದ್ರದ ನಿಯಮದಂತೆ ನೋಂದಣಿ ಶುಲ್ಕದ ವಿನಾಯಿತಿಗೆ ಇದು ಬೇಕು. ಗಾಡಿ ನಾಶವಾದ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಬೇಕು. ಗಾಜಿನ ಮೇಲಿನ ಫಾಸ್ಟ್ಯಾಗ್ ಕಿತ್ತು, ಬ್ಯಾಂಕಿಗೆ ಹೇಳಿ ಅದನ್ನೂ ಮುಚ್ಚಿಸಿ. ಇಲ್ಲದಿದ್ದರೆ ಬೇರೆಯವರು ಹೆಬ್ಬಾಳು ಟೋಲ್ ದಾಟಿದಾಗ ದುಡ್ಡು ಕಟ್ ಆಗುವುದು ನಿಮ್ಮ ಖಾತೆಯಲ್ಲಿ.