ಸಿಲಿಂಡರ್ ಮುಟ್ಟದೆ ಚಾಕೊಲಿಯಲ್ಲಿ ಗುಳ್ಳೆ ಉಳಿಸಿದ್ದು: ನನ್ನ ಅನುಭವ

ಸ್ಪೇನಿನ ಬಾಸ್ಕ್ ಕರಾವಳಿಯ ಗೆಟಾರಿಯಾದ ಇಳಿಜಾರಿನಲ್ಲಿರುವ ಸಣ್ಣ ವೈನರಿಯೊಂದರ ಮೂಲೆಯನ್ನು ಬಾಡಿಗೆಗೆ ಹಿಡಿದು, ಐನೂರು ಲೀಟರಿನ ಒಂದೇ ಟ್ಯಾಂಕಿನಲ್ಲಿ, ಹೊರಗಿನಿಂದ ಸಿಲಿಂಡರಿನ ಅನಿಲ (ಇಂಗಾಲದ ಡೈಆಕ್ಸೈಡ್) ತುಂಬದೆ ನಾನು ಮಾಡಿದ ಚಾಕೊಲಿಯಲ್ಲಿ, ಎಂದರೆ ಈ ಸೀಮೆಯ ಹಗುರ ಬಿಳಿ ವೈನಿನಲ್ಲಿ, ಬೇಸಿಗೆ ಮುಗಿದ ಮೇಲೂ ಗುಳ್ಳೆ ಹಾಗೆಯೇ ಇದೆ. ಇದು ಆಗದ ಕೆಲಸವೆಂದವರು ಇಲ್ಲಿಯೂ ಇದ್ದರು, ನಮ್ಮ ಕಡೆಯೂ ಇದ್ದರು. ನಂದಿ ಬೆಟ್ಟದ ತಪ್ಪಲಿನಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು ಫೋನಿನಲ್ಲಿ, “ಅಲ್ಲಪ್ಪಾ, ಮೂಲೆಯಲ್ಲಿ ಸಿಲಿಂಡರ್ ಇರುವಾಗ ಇಷ್ಟೆಲ್ಲ ಒದ್ದಾಟ ಯಾಕೆ?” ಎಂದೇ ಕೇಳಿದ್ದರು. ಅವರಿಗೂ ಬಿಳಿ ವೈನ್ ಮಾಡುವ ಇತರ ಗೆಳೆಯರಿಗೂ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ಚಾಕೊಲಿಯನ್ನು ನಾನು ಮೊದಲು ಕುಡಿದದ್ದು ಸಾನ್ ಸೆಬಾಸ್ಟಿಯನ್‌ನ ಹಳೆಯ ಪೇಟೆಯಲ್ಲಿ, ಆಂಚೊವಿ ಮೀನು, ಆಲಿವ್ ಮತ್ತು ಉಪ್ಪಿನಕಾಯಿ ಹಾಕಿದ ಹಸಿಮೆಣಸನ್ನು ಒಂದೇ ಕಡ್ಡಿಗೆ ಚುಚ್ಚಿ ಕೊಡುವ ಗಿಲ್ಡಾದ ಜೊತೆಗೆ. ಹತ್ತೂವರೆ, ಹನ್ನೊಂದರಷ್ಟೇ ಆಲ್ಕೋಹಾಲ್, ನಾಲಿಗೆಯ ಅಂಚನ್ನು ಚುರುಕುಗೊಳಿಸುವ ಹುಳಿ, ಹಸಿರು ಸೇಬಿನ ವಾಸನೆ, ಕೊನೆಯಲ್ಲಿ ಸಣ್ಣಗೆ ಚಿಟಿಚಿಟಿ ಎನ್ನುವ ಗುಳ್ಳೆ. ಇಷ್ಟು ಹಗುರವಾದ ವೈನ್ ಎಣ್ಣೆ, ಉಪ್ಪು, ಖಾರ ಮೂರನ್ನೂ ಒಟ್ಟಿಗೆ ನಿಭಾಯಿಸಿದ್ದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಚಾಕೊಲಿ ಮಾಡುವ ಮೂರು ಸೀಮೆಗಳಲ್ಲಿ ಗೆಟಾರಿಯಾಕ್ಕೆ 1989ರಲ್ಲಿ, ಬಿಸ್ಕಾಯಾಕ್ಕೆ 1994ರಲ್ಲಿ, ಅಲಾವಾಕ್ಕೆ 2001ರಲ್ಲಿ ಮೂಲಸ್ಥಾನದ ಮಾನ್ಯತೆ, ಎಂದರೆ ಊರಿನ ಹೆಸರನ್ನು ವೈನಿಗೆ ಹಾಕುವ ಹಕ್ಕು, ದೊರೆತಿದೆ. ಮೂರನ್ನೂ ರುಚಿ ನೋಡಿದ ಮೇಲೆ ಗುಳ್ಳೆಯ ವಿಷಯದಲ್ಲಿ ನನ್ನ ಮನಸ್ಸು ಗೆಟಾರಿಯಾದ ಕಡೆಗೇ ವಾಲಿತು.

ಇಲ್ಲಿ ವರ್ಷಕ್ಕೆ ಸುಮಾರು 1,600 ಮಿ.ಮೀ. ಮಳೆ. ಚಾಕೊಲಿಗೆ ಬಳಸುವ ಹೊಂದರಾಬಿ ಸೂರಿ ಎಂಬ ಬಿಳಿ ದ್ರಾಕ್ಷಿಯ ಬಳ್ಳಿಗಳನ್ನು ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯಂತೆ ಚಪ್ಪರಕ್ಕೇ ಹಬ್ಬಿಸುತ್ತಾರೆ. ಗೊಂಚಲಿನ ಕೆಳಗೆ ಗಾಳಿಯಾಡದಿದ್ದರೆ ಬೂಜು ತುಪ್ಪಟ ರೋಗ ಬಿಡುವುದಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಏಳುನೂರು ಕೆಜಿಯಷ್ಟು ಹಣ್ಣನ್ನು ಕೆಜಿಗೆ ಎರಡು ಯೂರೋದ ಆಸುಪಾಸಿನಲ್ಲಿ ಕೊಂಡೆ. ರಸದಲ್ಲಿ ಸಕ್ಕರೆ ಲೀಟರಿಗೆ ಸುಮಾರು 175 ಗ್ರಾಂ, ಹುಳಿ ಎಂಟು ಗ್ರಾಮಿಗೆ ಸ್ವಲ್ಪ ಕಡಿಮೆ. ಗೊಂಚಲನ್ನು ಬಿಡಿಸದೆ ಹಿಂಡುವುದು, ಒಂದು ರಾತ್ರಿ ತಣ್ಣಗೆ ತಿಳಿಗೊಳಿಸುವುದು, 15 ಡಿಗ್ರಿಯಲ್ಲಿ ಹುದುಗಿಸುವುದು ನಿಮಗೆ ಗೊತ್ತಿರುವ ಕೆಲಸಗಳೇ.

ತೊಂದರೆಯೆಲ್ಲ ಆಮೇಲಿನದು. ಮೊದಲ ಸುಗ್ಗಿಯಲ್ಲಿ ತೇಲುವ ಮುಚ್ಚಳದ ಸಾಮಾನ್ಯ ಟ್ಯಾಂಕನ್ನೇ ಬಳಸಿದ್ದೆ. ಅದರ ರಬ್ಬರ್ ಪಟ್ಟಿ ಗಾಳಿಯನ್ನು ಒಳಗೆ ಬಿಡದಿದ್ದರೂ ಅನಿಲವನ್ನು ಹೊರಗೆ ಬಿಡುತ್ತಲೇ ಇತ್ತು. ಉಳಿದ ಅಷ್ಟಿಷ್ಟು ಅನಿಲವೂ ಹೋದೀತೆಂದು ಸೋಸದೆ ಬಾಟಲಿ ತುಂಬಿದೆ. ವಸಂತದಲ್ಲಿ ನೆಲಮಾಳಿಗೆ ಬೆಚ್ಚಗಾಗುತ್ತಿದ್ದಂತೆ ಬ್ಯಾಕ್ಟೀರಿಯಾ ಹುಳಿ ಕೊಡುವ ಮ್ಯಾಲಿಕ್ ಆಮ್ಲವನ್ನು ತಿನ್ನತೊಡಗಿ, ವೈನ್ ಮಬ್ಬಾಗಿ, ಬೆಣ್ಣೆಯ ವಾಸನೆ ಹತ್ತಿ, ಕೆಲವು ಬಾಟಲಿಗಳ ಬಿರಡೆ ಮೇಲೆದ್ದು ಬಂತು. ಹುಳಿಯೇ ಈ ವೈನಿನ ಬೆನ್ನೆಲುಬಾದ್ದರಿಂದ ಅಷ್ಟನ್ನೂ ಚರಂಡಿಗೆ ಸುರಿಯಬೇಕಾಯಿತು. ಬಾಡಿಗೆ, ಹಣ್ಣು, ಬಾಟಲಿ ಸೇರಿ ಮೂರು ಸಾವಿರ ಯೂರೋದಷ್ಟು ಹೋಯಿತು. ಮುಂದಿನ ಸುಗ್ಗಿಯಲ್ಲಿ ಪಂಪ್ ಹಚ್ಚಿ ಸೂಕ್ಷ್ಮವಾಗಿ ಸೋಸಿದೆ. ವೈನ್ ಸ್ಫಟಿಕದಂತೆ ತಿಳಿಯಾಯಿತು, ಗುಳ್ಳೆ ಮಾತ್ರ ಇರಲಿಲ್ಲ. ವೈನಿನಲ್ಲಿ ಕರಗಿದ ಅನಿಲವನ್ನು ಅಳೆಯುವ ಕಾರ್ಬೊಡೋಸರ್‌ನಲ್ಲಿ ನೋಡಿದಾಗ ಲೀಟರಿಗೆ ಒಂದು ಗ್ರಾಂ ಸಹ ಸಿಗಲಿಲ್ಲ.

ಇವೆರಡರಿಂದ ನನಗೆ ಖಚಿತವಾದದ್ದು, ಅನಿಲವನ್ನು ತರುವುದು ಸಮಸ್ಯೆಯೇ ಅಲ್ಲ, ಹುದುಗು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಡುತ್ತದೆ. ಅದು ಹೊರಟುಹೋಗುವ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಬೇಕು ಎಂಬುದು. ಹಾಗಾಗಿ ಬಿಯರ್ ತಯಾರಕರೊಬ್ಬರು ಮಾರಿದ, ಒತ್ತಡ ತಡೆಯುವ, ತಂಪಿನ ಹೊದಿಕೆಯುಳ್ಳ ಹಳೆಯ ಟ್ಯಾಂಕನ್ನು 1,700 ಯೂರೋದಷ್ಟು ಕೊಟ್ಟು ತಂದೆ. ಸಕ್ಕರೆ ಕರಗುತ್ತ ರಸದ ಸಾಂದ್ರತೆ ಲೀಟರಿಗೆ 1,000 ಗ್ರಾಮಿನ ಹತ್ತಿರ ಇಳಿದಾಗ ಬಾಯಿ ಮುಚ್ಚಿ, ಹೆಚ್ಚಾದ ಅನಿಲ ಹೊರಹೋಗುವಂತೆ ವಾಲ್ವನ್ನು ಅರ್ಧ ಬಾರ್ ಒತ್ತಡಕ್ಕೆ ನಿಲ್ಲಿಸಿದೆ. ಮುಚ್ಚುವ ನಿಖರ ಅಂಕಿಯೂ ಯೀಸ್ಟಿನ ಆಯ್ಕೆಯೂ ಸದ್ಯಕ್ಕೆ ನನ್ನಲ್ಲೇ ಇರಲಿ. ಸಕ್ಕರೆ ಪೂರ್ತಿ ಮುಗಿದ ಮೇಲೆ ಗಸಿಯ ಜೊತೆಗೇ ಟ್ಯಾಂಕನ್ನು 2 ಡಿಗ್ರಿಗೆ ಇಳಿಸಿದೆ. ತಂಪು ಏರಿದಂತೆ ಒತ್ತಡದ ಮುಳ್ಳು ಮೆಲ್ಲನೆ ಹಿಂದೆ ಸರಿದು ಎರಡು ದಿನದಲ್ಲಿ ಸೊನ್ನೆಗೆ ಬಂದು ನಿಂತಿತು. ವೈನರಿಯ ಯಜಮಾನರು ಅದನ್ನು ಬೆರಳಿನಿಂದ ತಟ್ಟಿ ನೋಡಿ, ಅನಿಲವೆಲ್ಲ ಸೋರಿತು, ಈ ವರ್ಷವೂ ಅಷ್ಟೇ ಎಂದರು. ಸೋರಿರಲಿಲ್ಲ, ವೈನಿನೊಳಕ್ಕೆ ಇಳಿದಿತ್ತು; 20 ಡಿಗ್ರಿಯಲ್ಲಿ ಹಿಡಿಯುವುದರ ಸುಮಾರು ಎರಡರಷ್ಟು ಅನಿಲವನ್ನು ವೈನ್ ಸೊನ್ನೆಯ ಹತ್ತಿರ ಹಿಡಿದಿಟ್ಟುಕೊಳ್ಳುತ್ತದೆ. ಜನವರಿಯವರೆಗೆ ಅದನ್ನು ಹಾಗೆಯೇ ಬಿಟ್ಟೆ. ಜನವರಿ 17ರ ಸಾನ್ ಆಂಟೊನ್ ಹಬ್ಬಕ್ಕೆ ಊರವರು ಹೊಸ ಚಾಕೊಲಿಯ ರುಚಿ ನೋಡುವಾಗ ನನ್ನ ಟ್ಯಾಂಕಿನಿಂದಲೂ ಒಂದು ಜಗ್ಗು ಹೋಯಿತು, ಖಾಲಿಯಾಗಿ ಬಂತು.

ಸೋಸುವುದಕ್ಕೆ ಇಳಿಜಾರೇ ನೆರವಾಯಿತು. ವೈನರಿಯ ಮೇಲಿನ ಅಂತಸ್ತಿನಿಂದ ಕೆಳಗಿನ ಅಂತಸ್ತಿಗೆ ಐದು ಮೀಟರಿನಷ್ಟು ಇಳಿತವಿದೆ, ಎಂದರೆ ಹತ್ತಿರ ಹತ್ತಿರ ಅರ್ಧ ಬಾರ್ ಒತ್ತಡ ಪುಕ್ಕಟೆ. ಮೇಲಿನ ಟ್ಯಾಂಕಿನ ಮತ್ತು ಕೆಳಗಿನ ಟ್ಯಾಂಕಿನ ತಲೆಗಳನ್ನು ಒಂದು ಮೆದುಗೊಳವೆಯಿಂದ ಜೋಡಿಸಿ, ವೈನ್ ಇಳಿದಷ್ಟೂ ಅದೇ ಅನಿಲ ಮೇಲಕ್ಕೆ ಹೋಗುವಂತೆ ಮಾಡಿ, ಮೊದಲು ಹಾಳೆಯಲ್ಲಿ, ಆಮೇಲೆ 0.45 ಮೈಕ್ರಾನಿನ ಪೊರೆಯಲ್ಲಿ ಸೋಸಿದೆ. ಪಂಪ್ ಇಲ್ಲ, ಗಾಳಿಯ ಸೋಂಕಿಲ್ಲ. ಇಡೀ ದಿನ ಹಿಡಿಯಿತು, ಆದರೆ ಬಾಟಲಿಯಲ್ಲಿ ಲೀಟರಿಗೆ ಎರಡು ಗ್ರಾಮಿನಷ್ಟು ಅನಿಲ ಉಳಿಯಿತು. ಬಾಟಲಿಗಳನ್ನೂ ತಣ್ಣಗೆ ಮಾಡಿ, ಸಮ ಒತ್ತಡದಲ್ಲಿ ತುಂಬುವ ಹಳೆಯ ಯಂತ್ರದಿಂದ ತುಂಬಿದ್ದರಿಂದ ನೊರೆಯ ಕಾಟವೇ ಇರಲಿಲ್ಲ.

ಸಿಲಿಂಡರಿನ ಅನಿಲವೂ ಹುದುಗಿನ ಅನಿಲವೂ ಒಂದೇ ಅಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ, ಹೌದು, ಎರಡೂ ಒಂದೇ. ಆದರೆ ಅನಿಲವನ್ನು ಉಳಿಸಲು ಮಾಡುವ ಪ್ರತಿಯೊಂದು ಕೆಲಸವೂ ಆಮ್ಲಜನಕವನ್ನು ದೂರವಿಡುತ್ತದೆ, ಆ ಹಸಿರು ಸೇಬಿನ ವಾಸನೆ ಉಳಿದದ್ದು ಅದರಿಂದಲೇ. ಸಿಲಿಂಡರಿನ ಅನಿಲದ ವೈನನ್ನೂ ನನ್ನದನ್ನೂ ಅಕ್ಕಪಕ್ಕದಲ್ಲಿಟ್ಟು ಕುಡಿದ ವೈನರಿಯ ಯಜಮಾನರು ಮುಂದಿನ ಸುಗ್ಗಿಗೆ ತಮ್ಮ ಒಂದು ಟ್ಯಾಂಕನ್ನೂ ಹೀಗೆಯೇ ಮಾಡಿಕೊಡು ಎಂದಿದ್ದಾರೆ.

ನಡುವೆ ಇನ್ನೆರಡು ಪ್ರಯೋಗ ಮಾಡಿದೆ. ಸ್ವಲ್ಪ ವೈನಿಗೆ ಲೀಟರಿಗೆ ನಾಲ್ಕು ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಹಾಕಿ ಬಾಟಲಿಯಲ್ಲೇ ಹುದುಗಿಸಿದೆ. ಗುಳ್ಳೆ ಚೆನ್ನಾಗಿಯೇ ಬಂತು, ತಳದ ಗಸಿಯಿಂದ ಬ್ರೆಡ್ಡಿನ ವಾಸನೆಯೂ ಬಂದು ಚಾಕೊಲಿಯ ಗುಣ ಹೋಯಿತು. ಹಿಂದಿನವರಂತೆ ಹಳೆಯ ಓಕ್ ಪೀಪಾಯಿಯಲ್ಲಿ ಹುದುಗಿಸಿದ್ದು ಗುಳ್ಳೆಯಿಲ್ಲದಿದ್ದರೂ ಸುಟ್ಟ ಟರ್ಬಟ್ ಮೀನಿಗೆ ಬಹಳ ಹೊಂದಿತು, ಅದನ್ನು ಬಿಡುವುದಿಲ್ಲ.

ಆರುನೂರರಷ್ಟು ಬಾಟಲಿಗಳಾದವು. ಮಾನ್ಯತೆಯ ಹೆಸರನ್ನು ಹಾಕುವಂತಿಲ್ಲವಾದ್ದರಿಂದ ವೈನರಿಯ ಪರವಾನಗಿಯಲ್ಲಿ ಬರಿಯ ಬಿಳಿ ವೈನೆಂದೇ, ಒಂಬತ್ತು ಯೂರೋದ ಆಸುಪಾಸಿನಲ್ಲಿ ಮಾರಿದೆವು. ಆ ವರ್ಷದ ಖರ್ಚು ಹುಟ್ಟಿತು, ಹಿಂದಿನ ನಷ್ಟದಲ್ಲಿಯೂ ಒಂದು ಭಾಗ ತೀರಿತು.

ನಮ್ಮಲ್ಲಿ ಮಾಡುವವರು ಚೆನಿನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯನ್ನು ರೂಢಿಗಿಂತ ಬೇಗ, ಹುಳಿ ಇಳಿಯುವ ಮೊದಲೇ ಕೊಯ್ಯಬೇಕು. ನಮ್ಮ ಸುಗ್ಗಿ ಫೆಬ್ರವರಿ, ಮಾರ್ಚಿನ ಬಿಸಿಲಿಗೆ ಬರುವುದರಿಂದ ತಂಪಿನ ವಿದ್ಯುತ್ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ, ಮತ್ತು ಸೇಫ್ಟಿ ವಾಲ್ವ್ ಇಲ್ಲದ ಟ್ಯಾಂಕಿನ ಬಾಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ.