ಒಂದೇ ಸರ್ವರ್, ಹಲವು ಭಾಷೆಯ ಬಳಕೆದಾರರು

ಜರ್ಮನ್ ಕೀಬೋರ್ಡಿನಲ್ಲಿ ವೈ ಮತ್ತು ಝೆಡ್ ಅದಲುಬದಲಾಗಿರುತ್ತವೆ. ದೂರದಿಂದ ನಮ್ಮ ಸರ್ವರಿಗೆ ಸೇರಿ ಕೆಲಸ ಮಾಡುವ ಒಬ್ಬ ಬಳಕೆದಾರರ ಪಾಸ್‌ವರ್ಡನ್ನು ಮೂರು ಸಲ ಬದಲಿಸಿಕೊಟ್ಟ ಮೇಲಷ್ಟೇ ಇದು ನನ್ನ ತಲೆಗೆ ಹೊಳೆಯಿತು. ಬೆಳಿಗ್ಗೆ ಸಲೀಸಾಗಿ ಲಾಗಿನ್ ಆಗುತ್ತಿದ್ದವರು, ಊಟ ಮುಗಿಸಿ ಬಂದು ಲಾಕ್ ಆದ ಪರದೆಯಲ್ಲಿ ಅದನ್ನೇ ಒತ್ತಿದರೆ ತಪ್ಪು ಎನ್ನುತ್ತಿತ್ತು. ಪಕ್ಕದ ಕಣ್ಣಿನ ಗುರುತನ್ನು ಒತ್ತಿ ನೋಡಿ ಎಂದೆ. ವೈ ಇರಬೇಕಾದಲ್ಲಿ ಝೆಡ್ ಕುಳಿತಿತ್ತು. ಬೆಳಿಗ್ಗೆ ಟೈಪ್ ಮಾಡುವುದು ಅವರದೇ ಕಂಪ್ಯೂಟರಿನ ಕಿಟಕಿಯಲ್ಲಿ, ಲಾಕ್ ಪರದೆಯಾದರೋ ಸರ್ವರಿನದು; ಅಲ್ಲಿನ ಕೀಬೋರ್ಡ್ ವಿನ್ಯಾಸವೇ ಬೇರೆ.

ಹಾಗಾಗಿ, ಹಲವರು ತಂತಮ್ಮ ಕಂಪ್ಯೂಟರಿನಿಂದಲೇ ಸೇರಿ ಕೆಲಸ ಮಾಡುವ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್ ಸರ್ವರ್ ಹೊಂದಿಸುವಾಗ, ಯಾವ ಸೆಟ್ಟಿಂಗ್ ಇಡೀ ಯಂತ್ರದ್ದು, ಯಾವುದು ಬಳಕೆದಾರರದ್ದು ಎಂದು ಮೊದಲೇ ಬೇರ್ಪಡಿಸಿಕೊಳ್ಳಿ.

ಯಂತ್ರಕ್ಕೆ ಸೇರಿದ್ದು ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿ) ಅರಿಯದ ಹಳೆಯ ತಂತ್ರಾಂಶಗಳ ಭಾಷೆ. ಸರ್ವರಿಗೆ ಒಂದೇ, ಬದಲಿಸಿದರೆ ರೀಸ್ಟಾರ್ಟ್ ಮಾಡಲೇಬೇಕು. ಒಬ್ಬರಿಗೆ ರಷ್ಯನ್, ಇನ್ನೊಬ್ಬರಿಗೆ ಜಪಾನಿ ಅಕ್ಷರಗಳ ಹಳೆಯ ತಂತ್ರಾಂಶ ಬೇಕಿದ್ದರೆ ಒದ್ದಾಡಬೇಡಿ, ಎರಡು ಸರ್ವರ್ ಮಾಡಿ. ಕನ್ನಡಕ್ಕಂತೂ ವಿಂಡೋಸ್‌ನಲ್ಲಿ ಯೂನಿಕೋಡ್ ಮಾತ್ರ ಗತಿ; ಈ ಸೆಟ್ಟಿಂಗಿನಿಂದ ಪ್ರಯೋಜನವಿಲ್ಲ.

ದಿನಾಂಕ, ಅಂಕಿ, ಮೆನುವಿನ ಭಾಷೆ, ಕೀಬೋರ್ಡ್ ಇವು ಬಳಕೆದಾರರವು. 03/04 ಎಂದರೆ ಒಬ್ಬರಿಗೆ ಏಪ್ರಿಲ್ 3, ಇನ್ನೊಬ್ಬರಿಗೆ ಮಾರ್ಚ್ 4. ದಶಮಾಂಶಕ್ಕೆ ಅಲ್ಪವಿರಾಮ ಬಳಸುವವರ ಎಕ್ಸೆಲ್‌ನಲ್ಲಿ, ಅಲ್ಪವಿರಾಮದಿಂದ ಬೇರ್ಪಡಿಸಿದ ಸಿಎಸ್‌ವಿ ಕಡತ ತೆರೆದರೆ ಎಲ್ಲವೂ ಒಂದೇ ಕಾಲಮ್ಮಿಗೆ ನುಗ್ಗುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ರೀಜನ್ ವಿಭಾಗದಲ್ಲಿ, ಅಡ್ಮಿನಿಸ್ಟ್ರೇಟಿವ್ ಪುಟದ ಕಾಪಿ ಸೆಟ್ಟಿಂಗ್ಸ್ ಸ್ವಾಗತ ಪರದೆಗೂ ಹೊಸ ಖಾತೆಗಳಿಗೂ ಮಾತ್ರ ನಾಟುತ್ತದೆ. ಹಳೆಯ ಖಾತೆಗಳ ದಿನಾಂಕ, ಅಂಕಿಗಳಿಗೆ, ಹಲವು ಖಾತೆಗಳ ಸೆಟ್ಟಿಂಗನ್ನು ಒಂದೇ ಕಡೆಯಿಂದ ಹೊಂದಿಸುವ ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್‌ನ ರೀಜನಲ್ ಆಪ್ಶನ್ಸ್ ಬಳಸಿ; ಪ್ರತಿ ಪ್ರದೇಶದ ಬಳಕೆದಾರರಿಗೆ ಒಂದೊಂದು ಗುಂಪು ಮಾಡಿಕೊಂಡರೆ ಆಮೇಲೆ ತಲೆನೋವಿಲ್ಲ.

ಕೀಬೋರ್ಡಿನ ಗೊಂದಲಕ್ಕೆ ನಾನು ಮಾಡಿದ್ದಿಷ್ಟು. ಪ್ರತಿ ಖಾತೆಗೂ ಬೇಕಾದ ವಿನ್ಯಾಸವನ್ನು ಸರ್ವರಿನಲ್ಲೇ ಸೇರಿಸಿದೆ. ನಂತರ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ, ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಕೀಬೋರ್ಡ್ ಲೇಔಟ್ ಎಂಬ ದಾರಿಯಲ್ಲಿ ಇಗ್ನೋರ್‌ರಿಮೋಟ್‌ಕೀಬೋರ್ಡ್‌ಲೇಔಟ್ ಎಂಬ ಡಿವರ್ಡ್ ಮೌಲ್ಯವನ್ನು (ಸಂಖ್ಯೆಯ ರೂಪದ್ದು) 1 ಮಾಡಿದೆ. ಆಗ ಸರ್ವರ್ ಬಳಕೆದಾರರ ಕಂಪ್ಯೂಟರಿನ ವಿನ್ಯಾಸವನ್ನು ಕಡೆಗಣಿಸಿ, ಖಾತೆಗೆ ಸೇರಿಸಿದ್ದನ್ನೇ ಬಳಸುತ್ತದೆ. ಈ ಕ್ರಮ ತಿರುಗಿಸಿದರೆ ಎಲ್ಲರೂ ಒಂದೇ ಕೀಬೋರ್ಡಿಗೆ ಜೋತುಬೀಳಬೇಕಾಗುತ್ತದೆ.

ಗಡಿಯಾರಕ್ಕೆ, ಬಳಕೆದಾರರ ಕಂಪ್ಯೂಟರಿನ ಸಮಯವಲಯವನ್ನೇ ಅವರಿಗೆ ತೋರಿಸುವ ಟೈಮ್ ಝೋನ್ ರೀಡೈರೆಕ್ಷನ್ ಪಾಲಿಸಿ ಸಾಕು. ನಿಗದಿತ ವೇಳೆಗೆ ಕೆಲಸ ನಡೆಸುವ ಟಾಸ್ಕ್ ಶೆಡ್ಯೂಲರಿನ ರಾತ್ರಿ ಬ್ಯಾಕಪ್ ಮಾತ್ರ ಸರ್ವರಿನ ಸಮಯಕ್ಕೇ ನಡೆಯುತ್ತದೆ. ನಿಮ್ಮ ರಾತ್ರಿ ಮತ್ತೊಬ್ಬರ ಕೆಲಸದ ವೇಳೆಯಾಗಿರಬಹುದು.

ಪರೀಕ್ಷೆಗೆ ಪ್ರತಿ ಭಾಷೆಗೊಂದು ಖಾತೆ ತೆರೆದು, ಪಾಸ್‌ವರ್ಡಿನಲ್ಲಿ ಬೇಕೆಂದೇ ವೈ, ಝೆಡ್ ಮತ್ತು @ ಸೇರಿಸಿ. ಲಾಗಿನ್ ಆಗಿ, ಪರದೆ ಲಾಕ್ ಮಾಡಿ, ಮತ್ತೆ ಒತ್ತಿ ನೋಡಿ.